ಕಸಕ್ಕ ಯಾರ ದೃಷ್ಟಿ ತಾಗ್ತದ?

ಹುಡುಗಿ ಒಗೆದ ಆಟದ ಕಟ್ಟಿಗೆ ತುಂಡು ನನ್ನ ಕಿವಿಯ ಪಕ್ಕದಿಂದ ಹಾರಿ, ಅಂಗನವಾಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದ ಆನೆಯ ಹೊಟ್ಟೆಗೆ ಬಡಿಯಿತು. ಆನೆ ಸುಮ್ಮನಿತ್ತು. ನಾನು ಸುಮ್ಮನಿರಲಿಲ್ಲ. "ಒಗಿಬ್ಯಾಡಾ!" ಎಂದು ನಾನು ಕೂಗಿದ ರಭಸಕ್ಕೆ ಒಳಗೆ ಉಪ್ಪಿಟ್ಟು ತಿರುವುತ್ತಿದ್ದ ಸಹಾಯಕಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಯಾರಿಗಾದರೂ ಹಾವು ಕಾಣಿಸಿತೇನೋ ಅಂದುಕೊಂಡಿದ್ದಳಂತೆ.

"ಒಂದು," ಎಂದಳು ಅವಳು, ನನ್ನ ಸೆರಗಿನ ಕಡೆ ನೋಡಿ.

ನಾನು ಸೆರಗಿನ ಎಡಗಂಟಿನಿಂದ ಒಂದು ಹುಣಸೆ ಬೀಜ ತೆಗೆದು ಬಲಗಂಟಿಗೆ ಹಾಕಿಕೊಂಡೆ.

ಈ ಬೀಜದ ವ್ಯವಹಾರವನ್ನು ಮೊದಲು ಹೇಳಿಬಿಡುತ್ತೇನೆ. ಯಾದಗಿರಿಯಲ್ಲಿ ಮೂರು ದಿನದ ತರಬೇತಿ ಮುಗಿಸಿ ಹಿಂದಿನ ಸಂಜೆಯಷ್ಟೇ ಊರಿಗೆ ಬಂದಿದ್ದೆ. ಚಿಕ್ಕ ಮಕ್ಕಳ ಜೊತೆ ಸಕಾರಾತ್ಮಕ ಭಾಷೆ ಬಳಸುವುದು ಹೇಗೆ ಎಂಬುದು ವಿಷಯ. ಮಗುವಿಗೆ ಏನು ಮಾಡಬಾರದು ಅನ್ನುವ ಬದಲು ಏನು ಮಾಡಬೇಕು ಅನ್ನುವುದನ್ನು ಹೇಳಿರಿ, ಓಡಬೇಡ ಅನ್ನುವ ಬದಲು ಮೆಲ್ಲಗೆ ನಡಿ ಅನ್ನಿರಿ, ಒಳ್ಳೆಯದು ಕಂಡಾಗ ಬಾಯಿ ಬಿಟ್ಟು ಹೇಳಿರಿ. ಕೇಳುವಾಗ ಇದೇನು ಮಹಾ ಎನಿಸಿತ್ತು. ದಿನಕ್ಕೆ ಎಷ್ಟು ಸಲ 'ಬ್ಯಾಡ' ಅನ್ನುತ್ತೀರಿ ಎಂದು ಎಣಿಸಿ ನೋಡಿರಿ ಎಂದೂ ಹೇಳಿದ್ದರು. ನಾನು ಮನೆಯಲ್ಲಿ ಐವತ್ತು ಬೀಜ ಎಣಿಸಿ ಎಡಗಂಟಿಗೆ ಕಟ್ಟಿಕೊಂಡು ಬಂದೆ. ಐವತ್ತು ಬೀಜ ಎರಡು ದಿನಕ್ಕಾದರೂ ಸಾಕು ಎಂಬುದು ನನ್ನ ಅಂದಾಜು.

ಹನ್ನೊಂದು ಗಂಟೆಗೆ ಎಡಗಂಟು ಖಾಲಿ.

"ಅಕ್ಕೋರ, ಒಂದ್ ಚೀಲ ಹುಣಸಿಹಣ್ಣು ತರಸೂಣೇನ್ರಿ?" ಎಂದಳು ಸಹಾಯಕಿ. "ಬೀಜ ನಿಮಗಾಗ್ತಾವ, ಹಣ್ಣು ಸಾರಿಗಾಗ್ತದ."

ಐವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಬೀಜ ಒಬ್ಬಳದೇ. ಕುರಿಯವರ ಮೊಮ್ಮಗಳದು. ಐದು ವರ್ಷದ ಹುಡುಗಿ, ಮೊಣಕಾಲಿನ ತನಕ ಧೂಳು, ಹೆಗಲ ಮೇಲೆ ಸದಾ ಅಜ್ಜಿಯ ಹಳೆಯ ಸೀರೆಯ ಒಂದು ಚೂರು, ಕಂಬಳಿ ಹೊದ್ದವರ ಹಾಗೆ. ಅಪ್ಪ ಅವ್ವ ಇಬ್ಬರೂ ಕುರಿ ಹೊಡೆದುಕೊಂಡು ಹುಣಸಗಿ ಕಡೆ ಹೋಗಿದ್ದರು. ಅಲ್ಲಿ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿಕೊಳ್ಳುತ್ತಾರೆ. ಇಲ್ಲಿ ಊರಲ್ಲಿ ಅಜ್ಜಿ, ನಾಲ್ಕು ಆಡು, ಈ ಹುಡುಗಿ. ಜೂನ್ ಬಂದರೆ ಅವಳು ಒಂದನೇ ತರಗತಿಗೆ ಹೋಗಬೇಕು. ಅಕ್ಕ ಒಬ್ಬಳಿದ್ದಳು, ಹಿಂದೆ ನಮ್ಮ ಅಂಗನವಾಡಿಯಲ್ಲೇ ಇದ್ದವಳು. ಒಂದು ಸಲ "ಎಂಟು ದಿನಕ್ಕ" ಎಂದು ಹಿಂಡಿನ ಜೊತೆ ಹೋದವಳು ಸಾಲಿಯ ಮುಖವನ್ನೇ ನೋಡಲಿಲ್ಲ. ಆಗ ನಾನು ಏನೂ ಮಾಡಿರಲಿಲ್ಲ, ಚಿಂತೆ ಮಾಡಿದ್ದೆ. ಚಿಂತೆ ಮಾಡುವುದಕ್ಕೆ ನನಗೆ ಕಾರಣ ಬೇಕಾಗಿಲ್ಲ. ಕಾರಣ ಸಿಕ್ಕಿದರಂತೂ ಹಬ್ಬ.

ಈ ತಂಗಿಯ ಕೆಲಸವೇ ಒಗೆಯುವುದು. ಕಟ್ಟಿಗೆ ತುಂಡು, ಸೀಮೆಸುಣ್ಣದ ಕಡ್ಡಿ, ಪ್ಲಾಸ್ಟಿಕ್ ಗ್ಲಾಸು, ಒಂದು ಸಲ ಮಕ್ಕಳ ಎತ್ತರ ಅಳೆಯುವ ಪಟ್ಟಿ. ತರಬೇತಿಗೆ ಹೋಗುವ ಮುಂಚಿನ ವಾರ ಒಂದು ತುಂಡು ಅಂಗಡಿಯವರ ಹುಡುಗನ ಹಣೆಗೆ ತಾಗಿ ಊದಿ ಗುಬಟಿ ಬಂದಿತ್ತು. ಅವನ ಅವ್ವ ಅದೇ ದಿನ ಬಂದು, ಇನ್ನೂ ನಾಲ್ಕು ಜನ ತಾಯಂದಿರನ್ನು ಬೆನ್ನಿಗಿಟ್ಟುಕೊಂಡು, ನನಗೆ ಸ್ಪಷ್ಟವಾಗಿ ಹೇಳಿದಳು:

"ಆಕೀನರ ಇಟ್ಕೋರಿ, ನಮ್ಮ ಹುಡುಗರನ್ನರ ಇಟ್ಕೋರಿ. ಇಬ್ಬರನ್ನೂ ಇಟ್ಕೋಬೇಕಂದ್ರ ಆಕೀ ಕೈ ಕಟ್ರಿ."

ಅವಳ ಹುಡುಗ ಅಂದಿನಿಂದ ಬರುತ್ತಿರಲಿಲ್ಲ. ಆ ನಾಲ್ವರ ಮಕ್ಕಳೂ ಇಂದೋ ನಾಳೆಯೋ ಬಿಡುವಂತಿದ್ದರು.

ನಾನು ಗೋಡೆಗೆ ಒಂದು ಹಾಳೆ ಅಂಟಿಸಿದೆ. ದೊಡ್ಡ ಅಕ್ಷರದಲ್ಲಿ, ಸ್ಕೆಚ್ ಪೆನ್ನಿನಲ್ಲಿ: "ಇಲ್ಲಿ ಮಕ್ಕಳಿಗೆ ಬೇಡ ಎನ್ನಬೇಡಿ." ಅಂಟಿಸಿ ಹಿಂದೆ ಸರಿದು ನೋಡಿದಾಗಲೇ ತಿಳಿದದ್ದು, ಹಾಳೆಗೇ ಎರಡು ಬೀಜ ಖರ್ಚಾಗುತ್ತದೆ ಎಂದು. ಕಿತ್ತು ಹಾಕಿದೆ.

ಮಾತನ್ನು ತಿರುಗಿಸಿ ಹೇಳುವುದನ್ನೂ ಪ್ರಯತ್ನಿಸಿದೆ. ಒಗಿಬ್ಯಾಡ ಅನ್ನುವ ಬದಲು "ಕೈ ಸುಮ್ಮ ಇಟ್ಕೋ" ಎಂದೆ. ಅವಳು ಕೈ ಸುಮ್ಮನಿಟ್ಟುಕೊಂಡು ಕಾಲಿನಿಂದ ಚೆಂಡು ಒದ್ದಳು. "ತುಂಡಿನಿಂದ ಮನಿ ಕಟ್ಟು" ಎಂದೆ. ಕಟ್ಟಿದಳು. ನನಗೆ ಖುಷಿಯಾಗುವಷ್ಟರಲ್ಲಿ ಮನೆಯ ಗೋಡೆಯನ್ನು ಒಂದೊಂದಾಗಿ ಬಾಗಿಲ ಕಡೆ ಒಗೆದಳು. ತರಬೇತಿ ಕೊಟ್ಟವರ ಊರಿನ ಮಕ್ಕಳು ಬೇರೆ ಜಾತಿಯ ಮಣ್ಣಿನಿಂದ ಆದವರಿರಬೇಕು ಎಂದುಕೊಂಡೆ.

ಉತ್ತರ ಸಿಕ್ಕಿದ್ದು ಅಂಗನವಾಡಿಯಲ್ಲಿ ಅಲ್ಲ. ಮೂರನೆಯ ದಿನ ಮಧ್ಯಾಹ್ನ ಬೀಗ ಹಾಕಿ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ನನ್ನ ಪದ್ಧತಿಯಂತೆ ಮೂರು ಸಲ ಜಗ್ಗಿ ನೋಡಿ, ಮನೆ ಕಡೆ ಹೊರಟಿದ್ದೆ. ದಾರಿಯಲ್ಲಿ ಅಜ್ಜಿ ಆಡು ಬಿಟ್ಟಿದ್ದಳು. ಒಂದು ಆಡು ತೊಗರಿ ಹೊಲದ ಕಡೆ ಬಾಯಿ ಹಾಕಲು ಹೊರಟಿತು. ಅಜ್ಜಿ ಕುಂತಲ್ಲಿಂದ ಏಳಲೂ ಇಲ್ಲ, ಬೈಯಲೂ ಇಲ್ಲ. ಒಂದು ಮಣ್ಣಿನ ಹೆಂಟೆ ತೆಗೆದು ಒಗೆದಳು. ಅದು ಆಡಿಗೆ ಬೀಳಲಿಲ್ಲ. ಆಡಿನ ಮೂತಿಯ ಮುಂದೆ ಒಂದು ಗೇಣು ದೂರದಲ್ಲಿ ಬಿತ್ತು. ಆಡು ಹಿಂದಕ್ಕೆ ಹೊಳ್ಳಿ ದಾರಿಗೆ ಬಂತು.

ನಾನು ಅಲ್ಲೇ ನಿಂತುಬಿಟ್ಟೆ. ಹುಡುಗಿ ಒಗೆದ ಒಂದೊಂದು ತುಂಡೂ ಕಣ್ಣ ಮುಂದೆ ಬಂತು. ಆನೆಯ ಹೊಟ್ಟೆಗೆ ಬಡಿದ ದಿನ ಆ ಗೋಡೆಯ ಪಕ್ಕದಲ್ಲಿ ಒಬ್ಬ ಹುಡುಗ ಚಾಪೆ ಬಿಟ್ಟು ಎದ್ದು ಹೊರಟಿದ್ದ. ಗ್ಲಾಸು ಒಗೆದಾಗ ಇಬ್ಬರು ಬಾಗಿಲು ದಾಟುವುದರಲ್ಲಿದ್ದರು. ತುಂಡು ಅವರ ಮುಂದೆ ಬೀಳುತ್ತಿತ್ತು, ಅವರು ಹೆದರಿ ಚಾಪೆಗೆ ಹೊಳ್ಳಿ ಬರುತ್ತಿದ್ದರು. ಅಂಗಡಿಯವರ ಹುಡುಗ ಒಬ್ಬನೇ ಹಿಂದೆ ಸರಿಯುವ ಬದಲು ಮುಂದೆ ಓಡಿ ಹಣೆ ಕೊಟ್ಟಿದ್ದ. ಹುಡುಗಿ ಯಾರಿಗೂ ಹೊಡೆಯುತ್ತಿರಲಿಲ್ಲ. ಹಿಂಡು ಕಾಯುತ್ತಿದ್ದಳು. ಸರಕಾರ ನನಗೆ ಕೊಟ್ಟ ಕೆಲಸವನ್ನು ಇಷ್ಟು ದಿನ ಅವಳು ಮಾಡುತ್ತಿದ್ದಳು. ನಾನು ಅಡ್ಡಿ ಮಾಡುತ್ತಿದ್ದೆ.

ಮರುದಿನ ಅವಳನ್ನು ಬಾಗಿಲ ಹತ್ತಿರ ಕರೆದೆ.

"ನೀ ಇಲ್ಲಿ ನಿಂದ್ರು. ಯಾರರ ಹೊರಗ ಹೊಂಟ್ರ 'ಹೊಳ್ಳಿ ಬಾ' ಅನ್ನು. ತುಂಡು ಒಗೀಬೇಕನಿಸ್ತಂದ್ರ ಈ ಬುಟ್ಟ್ಯಾಗ ಒಗಿ."

ಅವಳು ನನ್ನ ಮುಖ ನೋಡಿದಳು. ಇಷ್ಟು ತಡವಾಗಿ ತಿಳಿಯಿತೇ ಎನ್ನುವ ಹಾಗೆ.

"ಯಾವ ಬುಟ್ಟಿ?"

"ಇದ."

"ಇದರಾಗ ಒಗದ್ರ ಯಾರ್ ಹೊಳ್ಳತಾರ?"

"ಹೊಳ್ಳಿಸೂದು ಬಾಯಿಲೆ. ಒಗಿಯೂದು ಬುಟ್ಟ್ಯಾಗ."

ಅರ್ಧ ದಿನ ಬೇಕಾಯಿತು. ಬುಟ್ಟಿಯನ್ನು ಮೊದಲು ದೂರ ಇಟ್ಟಿದ್ದು ನನ್ನ ತಪ್ಪು. ಹತ್ತಿರ ಇಟ್ಟೆ. ಆಮೇಲೆ ಅವಳ ಗುರಿಗೆ ಅದು ಅವಮಾನವೆನಿಸಿ ಅವಳೇ ಎಳೆದು ದೂರ ಇಟ್ಟಳು. ಬಾಗಿಲಲ್ಲಿ ನಿಂತು "ಹೊಳ್ಳಿ ಬಾ! ಹೊಳ್ಳಿ ಬಾ!" ಎಂದು ಅವಳು ಕೂಗಿದರೆ, ಮೂಗು ಸುರಿಸುತ್ತ ಹೊರಟವರೆಲ್ಲ ನಿಜವಾಗಿಯೂ ಹೊಳ್ಳಿ ಬರತೊಡಗಿದರು. ನಾನು ಕೂಗಿದರೆ ಓಡುವವರು. ಆ ವಾರದ ಕೊನೆಗೆ ನನ್ನ ದಿನದ ಬೀಜಗಳು ಹದಿನಾರಕ್ಕೆ ಇಳಿದವು. ಸಹಾಯಕಿ ಹುಣಸೆ ಹಣ್ಣಿನ ಆಸೆ ಬಿಟ್ಟಳು.

ಇಲ್ಲಿಗೇ ನಿಲ್ಲಿಸಿದ್ದರೆ ಬರೆಯುವಂಥದ್ದೇನೂ ಇರುತ್ತಿರಲಿಲ್ಲ. ಆದರೆ ಮುಂದಿನ ಬುಧವಾರ ತಾಯಂದಿರ ಸಭೆ ಇತ್ತು. ಇಪ್ಪತ್ತು ಜನ ಹೆಂಗಸರು, ಅಂಗಡಿಯವರ ಹುಡುಗನ ಅವ್ವನೂ ಬಂದಿದ್ದಳು, ಬಾಗಿಲ ಹತ್ತಿರ ಅಜ್ಜಿಯೂ ಕುಂತಿದ್ದಳು. ಎಲ್ಲರ ಮನಸ್ಸೂ ಒಂದೇ ಸಲಕ್ಕೆ ತಿರುಗಿಸಿಬಿಡುತ್ತೇನೆ ಎಂಬ ಹುಮ್ಮಸ್ಸು ನನಗೆ. ಒಳ್ಳೆಯದು ಕಂಡಾಗ ಬಾಯಿ ಬಿಟ್ಟು ಹೇಳಿರಿ ಎಂದಿದ್ದರಲ್ಲ. ನಾನು ಹುಡುಗಿಯನ್ನು ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿದೆ.

"ನೋಡ್ರಿ ಎಲ್ಲಾರೂ! ಇಡೀ ಊರಾಗ ಇಂಥಾ ಶ್ಯಾಣ್ಯಾ ಹುಡುಗಿ ಇಲ್ಲ! ಬಂಗಾರದಂಥಾ ಹುಡುಗಿ! ಚಪ್ಪಾಳಿ ಹೊಡೀರಿ!"

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕೋಣೆಯಲ್ಲಿ ಇಪ್ಪತ್ತು ಹೆಂಗಸರು ಒಂದೇ ಸಲ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿತು. ಹಿಂದಿನ ಸಾಲಿನಲ್ಲಿ ಯಾರೋ "ಥೂ ಥೂ" ಎಂದರು. ಅಜ್ಜಿ ಎದ್ದು ಬಂದು, ಕುರ್ಚಿಯ ಮೇಲಿಂದ ಹುಡುಗಿಯನ್ನು ಇಳಿಸಿ, ಸೆರಗಿನೊಳಗೆ ಮುಚ್ಚಿಕೊಂಡು, ನನ್ನ ಮುಖ ನೋಡದೆ ಹೊರಟುಹೋದಳು.

ನಾನು ಈ ನೆಲದಲ್ಲೇ ಹುಟ್ಟಿದವಳು. ನನ್ನ ತವರು ಸುರಪುರ. ನನ್ನ ಅವ್ವ ನನ್ನನ್ನು ಮದುವೆಯಾಗುವ ತನಕ "ಕರಿ ಮೂತಿಯಾಕಿ" ಎಂದೇ ಕರೆದಳು, ನನಗೆ ಯಾರ ಕಣ್ಣೂ ಬೀಳದಿರಲಿ ಎಂದು. ಹುಡುಗರನ್ನು ಹತ್ತು ಜನರ ಮುಂದೆ ಹೊಗಳಬಾರದು, ಕೂಸನ್ನು ನೋಡಿದರೆ "ಏನ್ ಹೊಲಸದಪ್ಪಾ ಇದು" ಅನ್ನಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ದಿನದ ತರಬೇತಿಯಲ್ಲಿ ನಲವತ್ತೆಂಟು ವರ್ಷ ಮರೆತಿದ್ದೆ.

ಗುರುವಾರ ಮುಂಜಾನೆ ಸಹಾಯಕಿ ಬಾಗಿಲಲ್ಲೇ ಸುದ್ದಿ ಕೊಟ್ಟಳು. "ಹುಡುಗಿಗಿ ಜ್ವರ ಬಂದಾವ್ರಿ. ಅಜ್ಜಿ ಓಣಿ ತುಂಬ ಹೇಳಾಕತ್ತಾಳ, ನಿಮ್ಮ ನಾಲಿಗಿ ತಾಗ್ಯದಂತ. ಸೋಮವಾರ ಮಗ ಬರ್ತಾನಂತ, ಹುಡುಗೀನ್ನ ಹಿಂಡಿಗಿ ಕಳಸ್ತಾಳಂತ."

ನನಗೆ ಮೊದಲು ನೆನಪಾದದ್ದು ಅವಳ ಅಕ್ಕ. ಎಂಟು ದಿನಕ್ಕೆ ಹೋದವಳು.

ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಅವರು ಒಳ್ಳೆಯವರು, ಆದರೆ ಮೂವತ್ತು ಅಂಗನವಾಡಿಗಳ ಹಾಜರಿ ಅವರ ತಲೆಯ ಮೇಲಿತ್ತು. "ಮೂಢನಂಬಿಕೆ ಬಗ್ಗೆ ತಿಳಿವಳಿಕಿ ಹೇಳ್ರಿ. ಹೇಳೂ ಮುಂದ ಒಂದು ಫೋಟೊ ತಗದು ಗ್ರೂಪಿನ್ಯಾಗ ಹಾಕ್ರಿ," ಎಂದರು. ಫೋನ್ ಇಟ್ಟು, ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದೆ.

ಹುಡುಗಿ ಕಂಬಳಿಯ ಮೇಲೆ ಮಲಗಿದ್ದಳು. ಆಶಾ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ನನಗೆ ಕಣ್ಣಿನಲ್ಲೇ ಹೇಳಿದಳು: ಹೆಚ್ಚಿದೆ, ದವಾಖಾನೆಗೆ ಹೋಗಬೇಕು.

"ಅಜ್ಜಿ, ಟಂಟಂ ಆಟೋ ತರಸ್ತೀನಿ. ಶಹಾಪುರಕ್ಕ ಹೋಗೂಣು," ಎಂದೆ.

"ಎಲ್ಲಿಗೂ ಬ್ಯಾಡ," ಎಂದಳು ಅಜ್ಜಿ. ನನ್ನ ಕೈ ತಾನೇ ಸೆರಗಿನ ಗಂಟಿಗೆ ಹೋಯಿತು. ಅಜ್ಜಿಯ 'ಬ್ಯಾಡ' ಎಣಿಸುವುದು ನನ್ನ ಕೆಲಸವಲ್ಲ ಎಂದು ಕೈಯನ್ನು ತಡೆದೆ. "ದವಾಖಾನಿ ಜ್ವರ ಅಲ್ಲ ಇದು. ನಿಮ್ಮ ಬಾಯಿಂದ ಬಂದದ್ದು. ನಿನ್ನಿ ಬಂಗಾರ ಅಂದ್ರಿ, ಇವತ್ತ ಹಿಂಗ್ ಬಿದ್ದದ. ಕುರಿಮರಿನೂ ಹಂಗ ಹೊಗಳಂಗಿಲ್ರಿ ನಾವು."

"ನಾ ಒಳ್ಳೇದಕ್ಕ ಅಂದೀನಿ ಅಜ್ಜಿ."

"ಎಲ್ಲಾರೂ ಒಳ್ಳೇದಕ್ಕ ಅಂತಾರ."

"ಈಗ ಏನ್ ಮಾಡ್ಬೇಕು?"

ಅಜ್ಜಿ ನನ್ನ ಕಾಲುಗಳನ್ನು ನೋಡಿದಳು. ಏನು ಬೇಕೆಂದು ನನಗೆ ತಿಳಿಯಿತು. ದೃಷ್ಟಿ ತಾಗಿಸಿದವರ ಪಾದದ ಮಣ್ಣು. ಉಪ್ಪು, ಒಣ ಮೆಣಸಿನಕಾಯಿ, ಸಾಸಿವೆಯ ಜೊತೆ ಅದನ್ನು ಕೂಸಿಗೆ ನಿವಾಳಿಸಿ ಇಳಿ ತೆಗೆದು ಒಲೆಗೆ ಹಾಕುತ್ತಾರೆ. ಹಾಗೆ ಮಣ್ಣು ಕೊಡುವುದೆಂದರೆ ಹೌದು, ನನ್ನದೇ ಕೆಟ್ಟ ಕಣ್ಣು ಎಂದು ಊರ ಮುಂದೆ ಒಪ್ಪಿಕೊಂಡ ಹಾಗೆ. ಇನ್ನೊಂದು ಕಡೆ, ಸರಕಾರಿ ಕಾರ್ಯಕರ್ತೆ ದೃಷ್ಟಿ ತೆಗೆಸಿದಳಂತೆ ಎಂದು ಮೇಲ್ವಿಚಾರಕಿಯ ತನಕ ಸುದ್ದಿ ಹೋದರೆ? ನೋಟಿಸು ಬಂದರೆ? ಅರ್ಧ ನಿಮಿಷದಲ್ಲಿ ನಾನು ಕೆಲಸ ಕಳೆದುಕೊಂಡು, ತವರಿಗೆ ಹೋಗಿ, ತಮ್ಮನ ಹೆಂಡತಿಯ ಕೈಯಲ್ಲಿ ಮಾತು ಕೇಳಿಸಿಕೊಳ್ಳುವ ತನಕ ಚಿಂತೆ ಮಾಡಿ ಮುಗಿಸಿದೆ. ಅಷ್ಟರಲ್ಲಿ ಹುಡುಗಿ ನರಳಿದಳು.

"ಮಣ್ಣು ಕೊಡ್ತೀನಿ," ಎಂದೆ. "ಆದ್ರ ಒಲಿಗಿ ಹಾಕಿದ ಕೂಡ್ಲೇ ಟಂಟಂ ಹತ್ತಬೇಕು. ನೀವೂ, ಹುಡುಗೀನೂ. ಮಾತ ಕೊಡ್ರಿ."

ಅಜ್ಜಿ ನನ್ನನ್ನು ಕಣ್ಣಲ್ಲೇ ಅಳೆದಳು. "ಕೊಟ್ಟೀನಿ ನಡೀರಿ."

ಆಶಾ ಆಗಲೇ ಟಂಟಂನವನಿಗೆ ಫೋನ್ ಹಚ್ಚಿದ್ದಳು. ನಾನು ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತೆ. ಅಜ್ಜಿ ನನ್ನ ಎರಡೂ ಪಾದದ ಕೆಳಗಿನ ಮಣ್ಣು ಚಿಟಿಕೆ ತೆಗೆದುಕೊಂಡು, ಮುಷ್ಟಿ ಕಟ್ಟಿ, ಹುಡುಗಿಯ ಮೇಲೆ ಮೂರು ಸಲ ಇಳಿ ತೆಗೆದು, ಒಲೆಗೆ ಹಾಕಿದಳು. ಇನ್ನು ಪರೀಕ್ಷೆ ಇರುವುದು ಹೊಗೆಯಲ್ಲಿ. ಮೆಣಸಿನಕಾಯಿ ಸುಟ್ಟ ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿ ತಾಗಿತ್ತು ಎಂದು ಲೆಕ್ಕ. ನಾನು ನಂಬುವವಳಲ್ಲ. ಆದರೂ ಮೂಗು ಮುಂದೆ ಚಾಚಿ ನಿಂತೆ. ಒಂದು ಸೀನು, ಒಂದು ಕೆಮ್ಮು ಬಂದರೆ ಸಾಕಿತ್ತು. ದಿನಾ ಸಹಾಯಕಿ ಒಗ್ಗರಣೆ ಹಾಕಿದರೆ ಹತ್ತು ಸಲ ಸೀನುವ ನನ್ನ ಮೂಗು ಅಂದು ಮಹಾ ಶಾಂತವಾಗಿತ್ತು.

"ಘಾಟು ಬಂತೇನವ್ವಾ?" ಎಂದು ಅಜ್ಜಿ ಆಶಾಳನ್ನು ಕೇಳಿದಳು.

"ಇಲ್ರಿ," ಎಂದಳು ಆಶಾ. ಸುಳ್ಳು ಹೇಳಬಾರದೆಂದು ಅವಳಿಗೂ ತರಬೇತಿ ಆಗಿರಬೇಕು.

ಶಹಾಪುರದ ದವಾಖಾನೆಯಲ್ಲಿ ಡಾಕ್ಟರು ಬಾಯಿ ತೆರೆಸಿ ನೋಡಿ, ಗಂಟಲು ಬಾತಿದೆ ಎಂದು ಔಷಧಿ ಬರೆದು ಕೊಟ್ಟರು. ಹೊರಗೆ ಬಂದ ಮೇಲೆ ಅಜ್ಜಿ, "ಗಂಟಲು ಯಾಕ ಬಾತದ ಅಂತ ಅವರ್ ಹೇಳ್ಲಿಲ್ಲ ನೋಡ್ರಿ," ಎಂದಳು. ಔಷಧಿ ದಿನಕ್ಕೆ ಮೂರು ಸಲ, ಚಮಚ ಅಲ್ಲ, ಈ ಮುಚ್ಚಳದ ಗೆರೆಯ ತನಕ ಎಂದು ನಾಲ್ಕು ಸಲ ಹೇಳಿದೆ. ಅಜ್ಜಿ ಒಂದೇ ಸಲಕ್ಕೆ ತಿಳಿದುಕೊಂಡಿದ್ದಳು. ಕುರಿಗೆ ಔಷಧಿ ಹಾಕಿ ಅಭ್ಯಾಸವಿದ್ದವಳು.

ಹೊಳ್ಳಿ ಬರುವಾಗ ಟಂಟಂನಲ್ಲಿ ಹುಡುಗಿ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನಾನು ಕೇಳಬೇಕಾದದ್ದನ್ನು ಕೇಳಿದೆ.

"ಮತ್ತ ಕಳಸ್ತೀರೇನ್ ಅಜ್ಜಿ, ಅಂಗನವಾಡಿಗಿ?"

"ಮಗ ಸೋಮವಾರ ಬರ್ತಾನ. ಅಲ್ಲಿತನಕ ಬರ್ತಾಳ ಬೇಕಾದ್ರ. ನಾನೂ ಬಂದು ಕೂಡ್ತೀನಿ. ಹೊಗಳಿದ್ರ ಮಾತ್ರ ಎತ್ಕೊಂಡು ಹೋಗ್ತೀನಿ."

"ಹೊಗಳ್ಲಿಲ್ಲಂದ್ರ ಹುಡುಗಿಗಿ ತಿಳೀಬೇಕಲ್ಲ, ತಾ ಮಾಡಿದ್ದು ಬರೋಬ್ಬರಿ ಅದ ಅಂತ? ನಾ ಏನ್ ಅನ್ಲಿ ಹಂಗಾದ್ರ?"

ಅಜ್ಜಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಏನ್ ಮಾಡ್ಯಾಳ ಅದನ್ನ ಅನ್ರಿ. ಕಸಾ ಹೊಡದ್ರ ಕಸಾ ಹೊಡದಿ ಅನ್ರಿ. ಕಸಕ್ಕ ಯಾರ ದೃಷ್ಟಿ ತಾಗ್ತದ?"

ಮನೆಗೆ ಬಂದವಳೇ ತರಬೇತಿಯ ನೋಟ್‌ಬುಕ್ ತೆಗೆದೆ. ಮೂರನೆಯ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ಮೆಚ್ಚುವಾಗ ಮಗುವನ್ನಲ್ಲ, ಮಗು ಮಾಡಿದ ಕೆಲಸವನ್ನು". ಅಲ್ಲಿಗೆ ವಾಕ್ಯ ನಿಂತಿತ್ತು. ಅದರ ಕೆಳಗೆ: "ಅಂಗನವಾಡಿಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ. ಸಹಾಯಕಿಗೆ ಫೋನ್ ಮಾಡುವುದು." ಆ ಪುಟದ ಉಳಿದ ಭಾಗದಲ್ಲಿ ಒಂದು ಸಿಲಿಂಡರಿನ ಚಿತ್ರವಿತ್ತು, ಚೆನ್ನಾಗಿಯೇ ಬಂದಿತ್ತು. ಯಾದಗಿರಿಗೆ ಹೋಗಿ ಕೇಳಿಸಿಕೊಳ್ಳದ ಪಾಠವನ್ನು ನನಗೆ ಟಂಟಂನಲ್ಲಿ ಕುರಿಯವರ ಅಜ್ಜಿ ಹೇಳಿಕೊಟ್ಟಿದ್ದಳು.

ಶನಿವಾರಕ್ಕೆ ಜ್ವರ ಇಳಿದಿತ್ತು. ಒಂಬತ್ತೂವರೆಗೆ ಅಜ್ಜಿ ಹುಡುಗಿಯನ್ನು ಕರೆದುಕೊಂಡು ಬಂದು, ತಾನು ಹೊಸ್ತಿಲಿಗೆ ಒರಗಿ ಕುಂತಳು. ನಾನು ಬೀಜದ ಗಂಟು ಬಿಚ್ಚಿ ಹೊಸ ನಿಯಮ ಹಾಕಿಕೊಂಡೆ. 'ಬ್ಯಾಡ' ಅಂದರೂ ಒಂದು ಬೀಜ, 'ಶ್ಯಾಣ್ಯಾ', 'ಜಾಣೆ', 'ಬಂಗಾರ' ಅಂದರೂ ಒಂದು ಬೀಜ. ಎರಡೂ ಕಡೆ ಬೇಲಿ ಹಾಕಿದ ಮೇಲೆ ನನ್ನ ಬಾಯಿಗೆ ಉಳಿದ ದಾರಿ ಬಹಳ ಸಣ್ಣದು. ಮೊದಲ ಅರ್ಧ ಗಂಟೆ ನಾನು ಹೆಚ್ಚುಕಡಿಮೆ ಮೂಕಿಯಾಗಿದ್ದೆ.

ಒಬ್ಬ ಹುಡುಗ ತಾನೇ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಹಿಡಿದ. "ಜಾ..." ಎಂದೆ. ಹೊಸ್ತಿಲಲ್ಲಿ ಕೆಮ್ಮು ಕೇಳಿತು. "...ಜಲ್ದಿ ತೊಳಕೊಂಡು ಬಂದಿ. ಬೆರಳ ಸಂದ್ಯಾಗೂ ತೊಳದಿ," ಎಂದು ಮುಗಿಸಿದೆ. ಹುಡುಗ ತನ್ನ ಬೆರಳ ಸಂದಿಯನ್ನು ತಾನೇ ಬೆರಗಿನಿಂದ ನೋಡಿಕೊಂಡ. ಜಾಣ ಅಂದಾಗ ಯಾರೂ ಹಾಗೆ ನೋಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಅವನು ಹೋಗಿ ಇನ್ನೊಬ್ಬನ ಬೆರಳ ಸಂದಿ ತಪಾಸು ಮಾಡತೊಡಗಿದ.

ಕುರಿಯವರ ಹುಡುಗಿ ಮಾತ್ರ ಮೂಲೆಯಲ್ಲಿ ಬೆರಳು ಚೀಪುತ್ತ ಕುಂತಿದ್ದಳು. ಬಾಗಿಲಿಗೂ ಹೋಗಲಿಲ್ಲ, ಬುಟ್ಟಿಯನ್ನೂ ನೋಡಲಿಲ್ಲ. ಜ್ವರ ಬಿಟ್ಟ ಸುಸ್ತೋ, ಕುರ್ಚಿ ಹತ್ತಿಸಿದ್ದಕ್ಕೆ ಬಂದ ಹೆದರಿಕೆಯೋ ನನಗೆ ತಿಳಿಯಲಿಲ್ಲ. ಸೋಮವಾರ ಅವಳಪ್ಪ ಬಂದು ಇದನ್ನೇ ನೋಡಿದರೆ, ಇಲ್ಲಿ ಬೆರಳು ಚೀಪುವುದಕ್ಕಿಂತ ಅಲ್ಲಿ ಮರಿ ಕಾಯಲಿ ಎನ್ನುವುದರಲ್ಲಿ ಅನುಮಾನವಿರಲಿಲ್ಲ.

ಬೇಯಿಸಿದ ತತ್ತಿ ಕೊಡುವ ಹೊತ್ತಿಗೆ ಅಂಗಡಿಯವರ ಹುಡುಗನ ಕೈ ಹಿಡಿದುಕೊಂಡು ಅವನ ಅವ್ವ ಬಾಗಿಲಿಗೆ ಬಂದಳು. ಒಳಗೆ ಬರುವುದೋ ಬಿಡುವುದೋ ಎನ್ನುವ ಹಾಗೆ ನಿಂತಳು. ಹುಡುಗ ನಮ್ಮ ಹುಡುಗಿಯನ್ನು ನೋಡಿದವನೇ ಅವ್ವನ ಕೈ ಕೊಸರಿಕೊಂಡು ಅಂಗಳದ ಕಡೆ ಓಡಲು ತಿರುಗಿದ. ಮೂಲೆಯಲ್ಲಿದ್ದವಳು ಎದ್ದಳು. ಕೈಗೆ ಕಟ್ಟಿಗೆ ತುಂಡು ಬಂತು. ಕೈ ಮೇಲೆ ಹೋಯಿತು.

ಅಜ್ಜಿ ನನ್ನನ್ನು ನೋಡಿದಳು. ಹುಡುಗನ ಅವ್ವ ತುಂಡನ್ನು ನೋಡಿದಳು. ನನ್ನ ಗಂಟಲ ತನಕ ಬಂದ "ಬ್ಯಾಡಾ" ಇಡೀ ಶಹಾಪುರ ತಾಲೂಕಿಗೆ ಕೇಳಿಸುವಂಥದ್ದು. ಅದನ್ನು ನುಂಗಿದೆ, ತತ್ತಿಯ ಹಳದಿ ಬಂಡಾರ ನುಂಗಿದ ಹಾಗೆ ಎದೆಯಲ್ಲಿ ಸಿಕ್ಕಿಕೊಂಡಿತು.

"ಬುಟ್ಟಿ ಇಲ್ಲೇ ಅದ," ಎಂದೆ. ಬುಟ್ಟಿಯನ್ನು ಎತ್ತಿ ಹಿಡಿದೆ.

ಅವಳ ಕೈ ಗಾಳಿಯಲ್ಲೇ ತಿರುಗಿತು. ತುಂಡು ಬುಟ್ಟಿಗೆ ಬಿದ್ದು ಖಟ್ ಎಂದಿತು. ಆಮೇಲೆ ಬಾಯಿ ತೆರೆಯಿತು, ಗಂಟಲು ಇನ್ನೂ ಒಡಕು:

"ಹೊಳ್ಳಿ ಬಾ! ತತ್ತಿ ಕೊಡಾಕತ್ತಾರ!"

ಹುಡುಗ ಹೊಳ್ಳಿ ಬಂದ. ತತ್ತಿಗೋ ಮಾತಿಗೋ ತಿಳಿಯದು. ನನಗೆ ಅವಳನ್ನು ಎತ್ತಿ ಮುದ್ದಾಡಬೇಕೆನಿಸಿತು. ಎರಡೂ ಕೈ ಬುಟ್ಟಿಯ ಅಂಚಿಗೆ ಬಿಗಿಯಾಗಿ ಹಿಡಿದುಕೊಂಡು, "ತುಂಡು ಬುಟ್ಟ್ಯಾಗ ಬಿತ್ತು. ಹುಡುಗ ಹೊಳ್ಳಿ ಬಂದ," ಎಂದೆ. ಬರೀ ವರದಿ. ನನ್ನ ಕಣ್ಣಲ್ಲಿ ನೀರು ಬಂದದ್ದು ವರದಿಯಲ್ಲಿ ಇರಲಿಲ್ಲ.

"ನಾ ಒಗದೀನಿ," ಎಂದಳು ಅವಳು. "ನಾ ಹೊಳ್ಳಿಸೀನಿ."

"ಹೌದು. ನೀ ಒಗದಿ. ನೀ ಹೊಳ್ಳಿಸಿದಿ."

ಹುಡುಗನ ಅವ್ವ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಏನೋ ಹೇಳುತ್ತಾಳೆ ಎಂದು ನಾನು ಕಾದೆ. "ತತ್ತಿ ಬಿಸಿ ಅದಾವೇನ್ರಿ?" ಎಂದು ಕೇಳಿ, ಮಗನ ಮೂಗು ತನ್ನ ಸೆರಗಿನಿಂದ ಒರೆಸಿ, ಅವನನ್ನು ಒಳಗೆ ಬಿಟ್ಟು ಹೋದಳು.

ಭಾನುವಾರ ನಾನು ಏನು ಮಾಡಿದೆ ಎಂದು ಹೇಳುವ ಅಗತ್ಯವಿಲ್ಲ. ಚಿಂತೆ.

ಸೋಮವಾರ ಹನ್ನೊಂದರ ಹೊತ್ತಿಗೆ ಅಂಗಳದಲ್ಲಿ ಮೋಟಾರ್ ಸೈಕಲ್ ನಿಂತಿತು. ಹುಡುಗಿಯ ಅಪ್ಪ. ಹಿಂದಿನ ಸೀಟಿಗೆ ಒಂದು ಖಾಲಿ ಗೋಣಿ ಕಟ್ಟಿದ್ದ, ಮಗಳ ಅರಿವೆ ತುಂಬಿಕೊಳ್ಳಲು ಎಂದು ನೋಡಿದ ಕೂಡಲೇ ತಿಳಿಯುವಂತಿತ್ತು. ಹುಡುಗಿ ಬಾಗಿಲಲ್ಲಿ ತನ್ನ ಕೆಲಸದ ಮೇಲಿದ್ದಳು. ಅಪ್ಪನನ್ನು ನೋಡಿ ನಕ್ಕಳು, ಜಾಗ ಬಿಡಲಿಲ್ಲ. ಅವನು ಅಜ್ಜಿಯ ಪಕ್ಕದಲ್ಲಿ ಹೊಸ್ತಿಲ ಹೊರಗೆ ಕುಕ್ಕರಗಾಲಿನಲ್ಲಿ ಕುಂತ.

"ಹ್ಯಾಂಗದಾಳ್ರಿ ನಮ್ಮ ಪೋರಿ?"

ನಾನು ಇಡೀ ಭಾನುವಾರ ತಯಾರು ಮಾಡಿಕೊಂಡ ಭಾಷಣವೊಂದಿತ್ತು. ಬುದ್ಧಿವಂತೆ, ಮುಂದೆ ಬರುವ ಹುಡುಗಿ, ಸಾಲಿ ಬಿಡಿಸಬೇಡಿ. ಅದರ ಮೊದಲ ಮಾತಿಗೇ ಅಜ್ಜಿ ಎದ್ದು ನಿಲ್ಲುತ್ತಾಳೆ. ಮಗಳನ್ನು ಉಳಿಸಿಕೊಡಿ ಎಂದು ಕೇಳಬೇಕು, ಆದರೆ ಮಗಳ ಬಗ್ಗೆ ಒಂದು ಒಳ್ಳೆಯ ಮಾತೂ ಆಡುವಂತಿಲ್ಲ.

"ದಿನಾ ಬಾಗಿಲಿನಿಂದ ಹುಡುಗರನ್ನ ಹೊಳ್ಳಿಸ್ತಾಳ," ಎಂದೆ. "ತುಂಡು ಬುಟ್ಟ್ಯಾಗ ಹಾಕ್ತಾಳ. ತತ್ತಿ ಸಿಪ್ಪಿ ತಾನ ಸುಲೀತಾಳ, ಸಣ್ಣ ಹುಡುಗರಿಗೂ ಸುಲದು ಕೊಡ್ತಾಳ. ಮುಂಜಾನಿ ಬಂದ ಹುಡುಗರನ್ನ ಎಣಸ್ತಾಳ. ಐದರ ತನಕ ಬರೋಬ್ಬರಿ ಎಣಸ್ತಾಳ. ಆಮ್ಯಾಲ ಆರು ಬಿಟ್ಟು ಏಳು ಅಂತಾಳ."

ಅಪ್ಪ ಮುಂದೆ ಬಾಗಿದ. "ಆರು ಬಿಡ್ತಾಳ?"

"ಬಿಡ್ತಾಳ. ದಿನಾ."

"ಆರು ಬಿಟ್ರ ಹ್ಯಾಂಗ್ರಿ? ಸಂಜೀಕ ಹಿಂಡು ಎಣಸೂ ಮುಂದ ನಂದೊಂದ್ ಕುರಿ ಹೋಗ್ತದಲ್ಲ!" ಎಂದು ಅವನು ನಗತೊಡಗಿದ. ಮಗಳನ್ನು ಕರೆದು ಎಣಿಸು ಎಂದ. ಅವಳು ಅವನ ಬೆರಳುಗಳನ್ನೇ ಹಿಡಿದು ಎಣಿಸಿದಳು. ಐದಾಯಿತು, ಇನ್ನೊಂದು ಕೈ ಬಂತು, ಏಳು ಎಂದಳು. ಅವನಿಗೆ ನಗು ತಡೆಯಲಾಗಲಿಲ್ಲ. "ಏ ಹೆಡ್ಡಿ," ಎಂದು ಅವಳ ತಲೆ ತಟ್ಟಿದ. ಆ 'ಹೆಡ್ಡಿ'ಯಲ್ಲಿ ನನ್ನ ಕುರ್ಚಿಯ ಮೇಲಿನ ಬಂಗಾರಕ್ಕಿಂತ ಹೆಚ್ಚಿನ ತೂಕವಿತ್ತು.

ಅಜ್ಜಿ ಎಲೆಯಡಿಕೆಯ ಚೀಲದ ದಾರ ಜಗ್ಗಿ ಬಿಗಿದಳು.

"ಆರು ಬರೂತನ ಇಲ್ಲೇ ಇರ್ಲಿ ಬಿಡು," ಎಂದಳು ಮಗನಿಗೆ. "ಅರ್ಧಂಬರ್ಧ ಎಣಸಾಕಿನ್ನ ಕಟ್ಕೊಂಡು ಏನ್ ಮಾಡ್ತಿ?"

"ಆರು ಬಂದ ಮ್ಯಾಲ?"

"ಆರು ಬಂದ ಮ್ಯಾಲ ಇನ್ನೊಂದೇನರ ಬಿಡ್ತಾಳ. ನಿನ್ನ ಮಗಳಲ್ಲೇನು?"

ಅವನು, ಮಗಳು ಇಬ್ಬರನ್ನು ಹೊಳ್ಳಿಸುವುದನ್ನು ನೋಡಿ, ಗೋಣಿಯನ್ನು ಬಿಚ್ಚಿ ಅವ್ವನ ಕೈಗೆ ಕೊಟ್ಟು ಹೋದ. ಅಜ್ಜಿ ಅದನ್ನು ಮಡಚಿ ಹೊಸ್ತಿಲ ಮೇಲೆ ಹಾಸಿಕೊಂಡು ಕುಂತಳು. ಅಂದೇ ನನಗೆ ಗೊತ್ತಾಯಿತು, ಇವಳ ಕಾವಲು ಸೋಮವಾರಕ್ಕೆ ಮುಗಿಯುವುದಲ್ಲ ಎಂದು.

ಜೂನ್ ತಿಂಗಳಲ್ಲಿ ಸಾಲಿಯ ದಾಖಲಾತಿಗೆ ಕಾಗದ ತೆಗೆದುಕೊಳ್ಳಲು ಅಜ್ಜಿ ಬಂದಳು. ಹುಡುಗಿಗೆ ಆರು ಬಂದಿತ್ತು, ಹದಿಮೂರು ಬಿಡುತ್ತಿದ್ದಳು. ನಾನು ಕಾಗದದಲ್ಲಿ ಹುಟ್ಟಿದ ದಿನವನ್ನು ಮೂರು ಸಲ ತಾಳೆ ನೋಡಿ, ಮತ್ತೊಮ್ಮೆ ನೋಡಲು ಕನ್ನಡಕ ಒರೆಸುತ್ತಿದ್ದೆ. ಅಜ್ಜಿ ಸಹಾಯಕಿಯ ಕಡೆ ತಿರುಗಿ, ನನಗೆ ಕೇಳುವಷ್ಟೇ ಗಟ್ಟಿಯಾಗಿ ಹೇಳಿದಳು:

"ನಿಮ್ಮ ಅಕ್ಕೋರು ಅಂಥಾ ಶ್ಯಾಣೇರೇನಲ್ಲ ಬಿಡು. ಮೂತಿನೂ ಅಷ್ಟಕ್ಕಷ್ಟೇ."

ಸಹಾಯಕಿ ಸೌಟಿನ ಹಿಂದೆ ಮುಖ ಮುಚ್ಚಿಕೊಂಡಳು. ಮದುವೆಯಾದಂದಿನಿಂದ ನನ್ನನ್ನು ಕರಿ ಮೂತಿಯಾಕಿ ಎನ್ನುವವರೇ ಇರಲಿಲ್ಲ; ನಾನು ಕನ್ನಡಕವನ್ನು ಇನ್ನೊಮ್ಮೆ ಒರೆಸಿದೆ. ಧನ್ಯವಾದ ಎನ್ನುವುದು ತರವಲ್ಲ ಎಂದು ಈಗ ನನಗೂ ಗೊತ್ತು. ಕಾಗದ ಅವಳ ಕೈಗೆ ಕೊಟ್ಟು ಹೇಳಿದೆ:

"ಅಜ್ಜಿ, ದಿನಾ ಒಂಬತ್ತೂವರಿಗೆ ಹುಡುಗೀನ್ನ ಕರಕೊಂಡು ಬಂದ್ರಿ. ಒಂದಿನಾನೂ ತಪ್ಪಿಸ್ಲಿಲ್ಲ."

ಅಜ್ಜಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಚೀಲಕ್ಕೆ ಹಾಕಿಕೊಂಡಳು. "ಹೌದು," ಎಂದಳು. "ತಪ್ಪಿಸ್ಲಿಲ್ಲ."